ನಡಿಗೆಗೆ ಏಳದ ಸ್ನಾಯು

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಕಾಣುವ ನೋಟ ಒಂದೇ. ಅರವತ್ತು ದಾಟಿದವರು ಇಬ್ಬಿಬ್ಬರಾಗಿ, ಗುಂಪುಗುಂಪಾಗಿ ಹೆಜ್ಜೆ ಹಾಕುತ್ತಿರುತ್ತಾರೆ. ದಿನಕ್ಕೆ ಅರ್ಧ ಗಂಟೆ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ, ಅವರು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ಮನಸ್ಸಿಗೆ ಆ ನಡಿಗೆಯಿಂದ ಒಳ್ಳೆಯದಾಗುತ್ತದೆ. ಅದನ್ನು ಯಾರೂ ಬಿಡಬೇಕಾಗಿಲ್ಲ.

ಆದರೆ ಹಿರಿಯರಿಗೆ ವ್ಯಾಯಾಮವೆಂದರೆ ವಾಕಿಂಗ್ ಅಷ್ಟೇ ಎಂದು ನಂಬಿ ಕುಳಿತಿರುವುದು ದೊಡ್ಡ ತಪ್ಪು. ತೊಡೆಯ ಸ್ನಾಯುವಿನಲ್ಲಿ ಒಂದು ಭಾಗವಿದೆ. ಆ ಅರ್ಧ ಗಂಟೆಯುದ್ದಕ್ಕೂ ಅದು ಮಲಗಿಯೇ ಇರುತ್ತದೆ. ಕಾಲು ಜಾರಿದಾಗ ದೇಹವನ್ನು ಹಿಡಿದು ನಿಲ್ಲಿಸಬೇಕಾದದ್ದು ಅದೇ ಭಾಗ.

ಒದ್ದೆ ಬಚ್ಚಲಲ್ಲಿ ಕಾಲು ಜಾರುವ ಗಳಿಗೆಯನ್ನು ನೆನೆದುಕೊಳ್ಳಿ. ಮೂವತ್ತರ ಮಗಳು ಜಾರಿದರೆ ತಟ್ಟನೆ ಇನ್ನೊಂದು ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳುತ್ತಾಳೆ, ಮರುಕ್ಷಣ ಅದನ್ನು ಮರೆತೂ ಬಿಡುತ್ತಾಳೆ. ಎಪ್ಪತ್ತೈದರ ತಾಯಿಗೂ ಜಾರಿದ್ದು ತಿಳಿಯುತ್ತದೆ, ಕಾಲನ್ನು ಮುಂದಿಡಬೇಕೆಂಬುದೂ ತಿಳಿಯುತ್ತದೆ. ಆದರೆ ಕಾಲು ಅಷ್ಟು ಬೇಗ ಏಳುವುದಿಲ್ಲ. ಸೊಂಟದ ಮೂಳೆ ಮುರಿದ ಮೇಲೆ ಮನೆಯವರು ನೆಲವನ್ನು ದೂರುತ್ತಾರೆ, ಚಪ್ಪಲಿಯನ್ನು ದೂರುತ್ತಾರೆ, ಕೊನೆಗೆ ವಯಸ್ಸನ್ನು ದೂರುತ್ತಾರೆ. ಸ್ನಾಯುವಿನ ಸುದ್ದಿಯೇ ಬರುವುದಿಲ್ಲ. ಅಲ್ಲಿ ಸೋತದ್ದು ಅರ್ಧ ಸೆಕೆಂಡಿನೊಳಗೆ ಬಲ ಹುಟ್ಟಿಸುವ ಶಕ್ತಿ.

ಆ ಶಕ್ತಿಯ ಬೇರು ಇರುವುದು ಮನುಷ್ಯನ 17ನೇ ವರ್ಣತಂತುವಿನಲ್ಲಿ. ಅಲ್ಲಿ ಆರು ವಂಶವಾಹಿಗಳು ಒಂದೇ ಓಣಿಯ ಮನೆಗಳಂತೆ ಸಾಲಾಗಿ ನಿಂತಿವೆ. ಎಲ್ಲವೂ ಮಯೋಸಿನ್ ಎಂಬ ಪ್ರೋಟೀನಿನ ಬೇರೆ ಬೇರೆ ರೂಪಗಳಿಗೆ ಬೇಕಾದ ಸೂಚನೆ ಹೊತ್ತವು. ಒಂದು ರೂಪ ಗರ್ಭದಲ್ಲಿರುವ ಶಿಶುವಿನ ಸ್ನಾಯುವಿಗೆ, ಇನ್ನೊಂದು ಹುಟ್ಟುವ ಹೊತ್ತಿಗೆ, ಮತ್ತೊಂದು ಕಣ್ಣುಗುಡ್ಡೆಯನ್ನು ಹೊರಳಿಸುವ ಪುಟ್ಟ ಸ್ನಾಯುಗಳಿಗೆ. ದೊಡ್ಡವರ ಕೈಕಾಲುಗಳಲ್ಲಿ ವೇಗದ ಕೆಲಸ ಮಾಡುವುದು ಎರಡು ರೂಪಗಳು. ಅತ್ಯಂತ ವೇಗದ್ದಕ್ಕೆ ಸೂಚನೆ ಕೊಡುವ ವಂಶವಾಹಿಯ ಹೆಸರು ಎಂವೈಎಚ್1. ಅದರ ಪಕ್ಕದ ಎಂವೈಎಚ್2 ವೇಗದ ಜೊತೆಗೆ ಒಂದಿಷ್ಟು ತಾಳಿಕೆಯನ್ನೂ ಉಳ್ಳ ರೂಪವನ್ನು ಕೊಡುತ್ತದೆ. ನಿಧಾನವಾಗಿ, ದಣಿಯದೆ ದುಡಿಯುವ ಮಯೋಸಿನ್‌ನ ವಂಶವಾಹಿ ಈ ಓಣಿಯಲ್ಲಿಲ್ಲ. ಎಂವೈಎಚ್7 ಎಂಬ ಅದು 14ನೇ ವರ್ಣತಂತುವಿನಲ್ಲಿದ್ದು, ಹೃದಯಕ್ಕೂ ಅದೇ ಆಧಾರ.

ಎಂವೈಎಚ್1ರಿಂದ ಸಿದ್ಧವಾಗುವ ಪ್ರೋಟೀನು 1,939 ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಅದಕ್ಕೆ ಒಂದು ಬಾಲ, ಒಂದು ತಲೆ. ಬಾಲಗಳು ಹೆಣೆದುಕೊಂಡು ದಪ್ಪ ತಂತುವಾಗುತ್ತವೆ, ಒಂದೊಂದು ತಂತುವಿನಿಂದ ನೂರಾರು ತಲೆಗಳು ಹೊರಚಾಚಿರುತ್ತವೆ. ಎದುರಿಗೆ ಆಕ್ಟಿನ್ ಎಂಬ ತೆಳು ತಂತು. ತಲೆ ಆ ತಂತುವನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹೋಗಿ ಹಿಡಿಯುತ್ತದೆ. ಬಾವಿಯಿಂದ ನೀರು ಸೇದುವವರ ಕೈಗಳು ಹಗ್ಗದ ಮೇಲೆ ಆಡುವುದು ಹೀಗೆಯೇ. ಒಂದೊಂದು ಎಳೆತಕ್ಕೂ ಎಟಿಪಿ ಎಂಬ ಇಂಧನದ ಒಂದು ಅಣು ಖರ್ಚು. ಹಿಡಿತ ಬಿಡಬೇಕಾದರೂ ಎಟಿಪಿ ಬಂದು ತಲೆಗೆ ಕೂರಬೇಕು. ಸತ್ತ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ: ಎಟಿಪಿ ಮುಗಿದಿರುತ್ತದೆ, ಹಿಡಿದ ತಲೆಗಳು ಬಿಡಲಾರವು. ಈ ಹಿಡಿ-ಎಳೆ-ಬಿಡು ಆಟವನ್ನು ನಿಧಾನದ ಮಯೋಸಿನ್‌ಗಿಂತ ಹಲವು ಪಟ್ಟು ಬೇಗ ಆಡುವುದೇ ಎಂವೈಎಚ್1ರ ಹೆಗ್ಗಳಿಕೆ. ಇಂಧನ ಸುಡುವುದೂ ಅಷ್ಟೇ ಬೇಗ, ದಣಿಯುವುದೂ ಅಷ್ಟೇ ಬೇಗ.

ಇದೆಲ್ಲ ಒಂದೇ ದಿನ ತಿಳಿದದ್ದಲ್ಲ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1864ರಲ್ಲಿ ಸ್ನಾಯುವಿನಿಂದ ಹಿಂಡಿ ತೆಗೆದ ಪ್ರೋಟೀನಿಗೆ ಮಯೋಸಿನ್ ಎಂದು ಹೆಸರಿಟ್ಟ. 1940ರ ದಶಕದ ಆರಂಭದಲ್ಲಿ, ಯುದ್ಧದ ನಡುವೆ, ಹಂಗರಿಯ ಸೆಗೆಡ್ ನಗರದ ಆಲ್ಬರ್ಟ್ ಸೆಂಟ್-ಗ್ಯೋರ್ಗಿಯ ಪ್ರಯೋಗಾಲಯದಲ್ಲಿ ಆಕ್ಟಿನ್ ಬೇರ್ಪಟ್ಟಿತು. 1954ರ ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಸಂಬಂಧಿಗಳಲ್ಲದ ಇಬ್ಬರು ಹಕ್ಸ್‌ಲಿಗಳು, ಆ್ಯಂಡ್ರ್ಯೂ ಮತ್ತು ಹ್ಯೂ, ತಂತಮ್ಮ ಸಹೋದ್ಯೋಗಿಗಳೊಂದಿಗೆ ಒಂದೇ ಉತ್ತರ ಕೊಟ್ಟರು: ಸ್ನಾಯು ಕುಗ್ಗುವಾಗ ತಂತುಗಳು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ.

ವೇಗದ ಸ್ನಾಯುವಿನ ಮಾತು ಬಂದರೆ ಜನರಿಗೆ ನೆನಪಾಗುವುದು ಓಟಗಾರರು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್‌ನ ಹೆಸರು ತೆಗೆಯಿತು. ಕೋಣಗಳ ಹಿಂದೆ ಕೆಸರುಗದ್ದೆಯ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಸ್ವತಃ ಅವರೇ ವಿನಯದಿಂದ ಹೇಳಿದರು. ಆ ಹೋಲಿಕೆಯ ಗದ್ದಲದಲ್ಲಿ ಒಂದು ಸಂಗತಿ ಯಾರಿಗೂ ಹೊಳೆಯಲಿಲ್ಲ. ಕಂಬಳದ ಓಟಗಾರನ ತೊಡೆಯಲ್ಲಿರುವ ವೇಗದ ಎಳೆಗಳು, ಅಂದರೆ ವೇಗದ ಮಯೋಸಿನ್ ತುಂಬಿದ ಸ್ನಾಯುಕೋಶಗಳು, ಗದ್ದೆಯ ಬದಿಯಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಅಜ್ಜನ ತೊಡೆಯಲ್ಲೂ ಇವೆ. ವಂಶವಾಹಿ ಅದೇ. ಅಜ್ಜನಿಗೆ ಅದು ಬೇಕಾಗಿರುವುದು ಕುರ್ಚಿಯಿಂದ ಏಳಲು, ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲು, ಎಡವಿದಾಗ ಸಾವರಿಸಿಕೊಳ್ಳಲು.

ವಂಶವಾಹಿ ಇದ್ದ ಮಾತ್ರಕ್ಕೆ ಸ್ನಾಯು ಸಿದ್ಧವಾಗಿಬಿಡುವುದಿಲ್ಲ. ಅದಕ್ಕೆ ಅಪ್ಪಣೆ ಕೊಡುವುದು ನರ. ಇದನ್ನು 1960ರಲ್ಲಿ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಬುಲ್ಲರ್, ಜಾನ್ ಎಕಲ್ಸ್ ಮತ್ತು ಎಕಲ್ಸ್‌ರ ಮಗಳು ರೋಸಮಂಡ್. ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿಗೆ ಹೋಗುವ ನರವನ್ನೂ ನಿಧಾನದ ಸ್ನಾಯುವಿಗೆ ಹೋಗುವ ನರವನ್ನೂ ಕತ್ತರಿಸಿ ಅದಲುಬದಲು ಮಾಡಿ ಜೋಡಿಸಿದರು. ಕೆಲವು ವಾರಗಳಲ್ಲಿ ನಿಧಾನದ ಸ್ನಾಯು ಚುರುಕಾಯಿತು, ಚುರುಕಿನದು ನಿಧಾನವಾಯಿತು. ಸ್ನಾಯು ಎಂಥದ್ದಾಗಬೇಕೆಂದು ತೀರ್ಮಾನಿಸುವುದರಲ್ಲಿ ಹುಟ್ಟಿಗಿಂತ ನರದ ಕರೆ ಮುಖ್ಯ ಎಂಬುದು ಅಂದೇ ಸ್ಪಷ್ಟವಾಯಿತು.

ಆ ಕರೆಗೂ ಒಂದು ಸರತಿ ಇದೆ. ಹಾರ್ವರ್ಡ್‌ನ ಎಲ್‌ವುಡ್ ಹೆನ್ನೆಮನ್ 1957ರಲ್ಲಿ ಕಂಡುಕೊಂಡ ನಿಯಮವದು. ಹಗುರ ಕೆಲಸಕ್ಕೆ ಬೆನ್ನುಹುರಿಯ ಸಣ್ಣ ನರಕೋಶಗಳು ಮೊದಲು ಎದ್ದು ನಿಧಾನದ ಎಳೆಗಳನ್ನು ದುಡಿಸುತ್ತವೆ. ಭಾರ ಹೆಚ್ಚಿದಂತೆ ದೊಡ್ಡ ನರಕೋಶಗಳು ಸೇರಿಕೊಳ್ಳುತ್ತವೆ. ವೇಗದ ಎಳೆಗಳನ್ನು ಆಳುವ ಅತಿ ದೊಡ್ಡ ನರಕೋಶಗಳು ಏಳುವುದು ಎಲ್ಲಕ್ಕಿಂತ ಕೊನೆಗೆ, ಕೆಲಸ ನಿಜಕ್ಕೂ ಕಷ್ಟವಾದಾಗ ಅಥವಾ ತೀರಾ ತುರ್ತಾದಾಗ. ಸಮತಟ್ಟಾದ ದಾರಿಯಲ್ಲಿ ಮಾತಾಡಿಕೊಂಡು ನಡೆಯುವುದು ಕಷ್ಟದ ಕೆಲಸವಲ್ಲ. ಹತ್ತು ಸುತ್ತು ಹೊಡೆದರೂ ಸರತಿಯ ತುದಿಯಲ್ಲಿರುವ ಎಳೆಗಳಿಗೆ ಕರೆ ಹೋಗುವುದಿಲ್ಲ. ಪಾರ್ಕಿನ ಹಿರಿಯರಿಗೆ ಇಷ್ಟು ವರ್ಷ ಯಾರೂ ಹೇಳದೆ ಉಳಿದ ಮಾತು ಇದು.

ಎಂವೈಎಚ್1ರ ನಡತೆಯಲ್ಲಿ ಒಂದು ವಿಚಿತ್ರವಿದೆ. ಡೆನ್ಮಾರ್ಕಿನ ಸಂಶೋಧಕರಾದ ಆ್ಯಂಡರ್ಸನ್ ಮತ್ತು ಓಗೋರ್ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ಒಂಬತ್ತು ಯುವಕರಿಂದ ಮೂರು ತಿಂಗಳು ಭಾರ ಎತ್ತಿಸಿದರು. ಆರಂಭದಲ್ಲಿ ಅವರ ತೊಡೆಯಲ್ಲಿ ಈ ಅತಿವೇಗದ ಮಯೋಸಿನ್‌ನ ಪಾಲು ಸುಮಾರು ಶೇ 9 ಇತ್ತು. ತರಬೇತಿ ಮುಗಿದಾಗ ಅದು ಶೇ 2ಕ್ಕೆ ಇಳಿದು, ಎಂವೈಎಚ್2ರ ತಾಳಿಕೆಯ ರೂಪ ಹೆಚ್ಚಿತ್ತು. ಮುಂದಿನ ಮೂರು ತಿಂಗಳು ವ್ಯಾಯಾಮವನ್ನು ಪೂರ್ತಿ ನಿಲ್ಲಿಸಿದಾಗ ಅತಿವೇಗದ ಪಾಲು ಶೇ 17ಕ್ಕೆ ಏರಿತು. ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ಕಾಲು ಆಡಿಸಲಾಗದವರ ಸ್ನಾಯುವಿನಲ್ಲೂ ಇದೇ ರೂಪ ತುಂಬಿಕೊಳ್ಳುತ್ತದೆ. ಅಂದರೆ ಕೆಲಸವಿಲ್ಲದ ಸ್ನಾಯು ತಾನಾಗಿ ಹೊರಳುವುದು ಎಂವೈಎಚ್1ರ ಕಡೆಗೆ.

ಹಾಗಿದ್ದರೆ ಸುಮ್ಮನೆ ಕುಳಿತವರೇ ಚುರುಕಾಗಬೇಕಲ್ಲ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ, ಏಕೆಂದರೆ ದುಡಿಯದ ಎಳೆ ವೇಗದ ಮಯೋಸಿನ್ ಇಟ್ಟುಕೊಂಡೇ ಸಣಕಲಾಗುತ್ತಾ ಹೋಗುತ್ತದೆ. ಮಾದರಿ ವೇಗದ್ದು, ಗಾತ್ರ ಬಡಕಲು. ಬಲ ಬರುವುದು ಒಂದರ ಪಕ್ಕ ಒಂದು ಎಷ್ಟು ತಂತುಗಳಿವೆ ಎಂಬುದರಿಂದ. ತರಬೇತಿಯಲ್ಲಿ ಆ ಯುವಕರು ಶೇಕಡಾವಾರು ಲೆಕ್ಕದಲ್ಲಿ ಅತಿವೇಗದ ಪಾಲನ್ನು ಕಳೆದುಕೊಂಡರೂ ಅವರ ಎಳೆಗಳು ದಪ್ಪವಾದವು, ಬಲ ಹೆಚ್ಚಿತು. ಹಿರಿಯರಿಗೆ ಬೇಕಾದ ಬದಲಾವಣೆ ಅದೇ.

ವಯಸ್ಸಿನ ಜೊತೆ ಇನ್ನೊಂದು ನಷ್ಟವೂ ಸೇರಿಕೊಳ್ಳುತ್ತದೆ. ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಜೊತೆಗಾರರು 1988ರಲ್ಲಿ, 15ರಿಂದ 83 ವಯಸ್ಸಿನವರೆಗಿನ 43 ಮೃತ ಪುರುಷರ ತೊಡೆಯ ಸ್ನಾಯುವನ್ನು ಇಡಿಯಾಗಿ ಅಡ್ಡ ಕೊಯ್ದು ಎಳೆಗಳನ್ನು ಎಣಿಸಿದರು. 20ರಿಂದ 80ರ ನಡುವೆ ಸ್ನಾಯುವಿನ ವಿಸ್ತಾರ ಸರಾಸರಿ ಶೇ 40ರಷ್ಟು ಕುಗ್ಗಿತ್ತು. ಎಳೆಗಳ ಸಂಖ್ಯೆಯೇ ಕಡಿಮೆಯಾಗಿದ್ದದ್ದು ಮುಖ್ಯ ಕಾರಣ. ಜೊತೆಗೆ ಉಳಿದವುಗಳಲ್ಲಿ ವೇಗದ ಎಳೆಗಳು ಸಣ್ಣದಾಗಿದ್ದವು. ಬೆನ್ನುಹುರಿಯ ನರಕೋಶಗಳು ವಯಸ್ಸಾದಂತೆ ಸಾಯುತ್ತವೆ. ಅನಾಥವಾದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರಗಳು ಕೈಚಾಚಿ ಸೇರಿಸಿಕೊಳ್ಳುತ್ತವೆ, ಉಳಿದವು ಹಾಗೆಯೇ ಇಲ್ಲವಾಗುತ್ತವೆ. ಈ ಸವೆತಕ್ಕೆ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ 1980ರ ದಶಕದ ಕೊನೆಗೆ ಸಾರ್ಕೊಪೀನಿಯ ಎಂದು ಹೆಸರಿಟ್ಟರು. ಆ ದೇಶದ ರೋಗಪಟ್ಟಿಯಲ್ಲಿ ಅದಕ್ಕೆ ಸ್ವಂತ ಸಂಕೇತಸಂಖ್ಯೆ ಸಿಕ್ಕಿದ್ದು 2016ರಲ್ಲಿ. ನಮ್ಮ ಮನೆಗಳಲ್ಲಿ ಇದಕ್ಕೆ ಇಂದಿಗೂ ‘ವಯಸ್ಸಾಯ್ತಲ್ಲ’ ಎಂಬುದೇ ಹೆಸರು.

ಹಾಸಿಗೆ ಈ ಸವೆತವನ್ನು ಹೇಗೆ ತೀವ್ರಗೊಳಿಸುತ್ತದೆ ಎಂಬುದು ಪ್ರತಿ ಕುಟುಂಬವೂ ತಿಳಿದಿರಬೇಕಾದ ವಿಚಾರ. 2007ರ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಲಾಯಿತು. ಅವರಿಗೆ ಕಾಯಿಲೆ ಇರಲಿಲ್ಲ, ಊಟಕ್ಕೆ ಕೊರತೆ ಇರಲಿಲ್ಲ. ಹತ್ತೇ ದಿನದಲ್ಲಿ ಕಾಲುಗಳಿಂದ ಸರಾಸರಿ ಒಂದು ಕಿಲೊದಷ್ಟು ಕೊಬ್ಬುರಹಿತ ತೂಕ ಹೋಗಿತ್ತು, ಮಂಡಿ ನೀಡುವ ಬಲ ಸುಮಾರು ಶೇ 16 ಇಳಿದಿತ್ತು. ಡೆಂಗಿಯೋ ನ್ಯುಮೋನಿಯಾವೋ ಬಂದು ಆಸ್ಪತ್ರೆ ಸೇರಿದ ಅಜ್ಜಿ, ಜ್ವರ ಬಿಟ್ಟು ಮನೆಗೆ ಬಂದ ಮೇಲೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾರೆ. ಪಾಪ, ಸುಸ್ತು ಎಂದು ಮನೆಯವರು ಇನ್ನೊಂದು ತಿಂಗಳು ಮಲಗಿಸುತ್ತಾರೆ. ಪ್ರೀತಿಯಿಂದ ಮಾಡುವ ಈ ಆರೈಕೆ ಅವರ ಕಾಲನ್ನು ಇನ್ನಷ್ಟು ಕಸಿಯುತ್ತದೆ.

ಈ ನಷ್ಟವನ್ನು ಹಿಂದಕ್ಕೆ ತಿರುಗಿಸಬಹುದು ಎಂಬುದಕ್ಕೆ ಮೂರು ದಶಕ ಹಿಂದೆಯೇ ಸಾಕ್ಷಿ ಸಿಕ್ಕಿದೆ. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ತಂಡ ವೃದ್ಧಾಶ್ರಮವೊಂದರ ಹತ್ತು ಮಂದಿಯನ್ನು ಆರಿಸಿಕೊಂಡಿತು. ಅವರ ವಯಸ್ಸು 86ರಿಂದ 96. ಎಲ್ಲರೂ ನಿತ್ರಾಣರು, ಹಲವು ಕಾಯಿಲೆ ಉಳ್ಳವರು. ಅವರಿಂದ ಎತ್ತಿಸಿದ್ದು ಸಾಂಕೇತಿಕ ಭಾರವಲ್ಲ. ಒಬ್ಬೊಬ್ಬರೂ ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ 80ರವರೆಗೆ, ಅಂದರೆ ವೇಗದ ಎಳೆಗಳಿಗೆ ಕರೆ ಹೋಗಲೇಬೇಕಾದಷ್ಟು. ಎಂಟು ವಾರದಲ್ಲಿ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯು ಶೇ 9ರಷ್ಟು ಬೆಳೆಯಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರ ಆಸುಪಾಸಿನಲ್ಲೂ ನರ ಕರೆದರೆ ಸ್ನಾಯು ಓಗೊಡುತ್ತದೆ ಎಂಬುದು ಹೀಗೆ ಖಾತ್ರಿಯಾಯಿತು.

ಒಂದು ಕಾಲದಲ್ಲಿ ಈ ಕರೆ ಮನೆಗೆಲಸದಲ್ಲೇ ಬೆರೆತಿತ್ತು. ಬಾವಿಯಿಂದ ನೀರು ಸೇದುವುದು, ಒರಳಲ್ಲಿ ರುಬ್ಬುವುದು, ತುಂಬಿದ ಕೊಡವನ್ನು ನೆಲದಿಂದ ಸೊಂಟಕ್ಕೆ ಏರಿಸುವುದು, ನೆಲದಲ್ಲಿ ಕುಳಿತು ಉಂಡು ಕೈ ಊರದೆ ಏಳುವುದು. ಆ ದುಡಿಮೆಯನ್ನು ಹಾಡಿ ಹೊಗಳಬೇಕಾಗಿಲ್ಲ. ಅದು ಹೆಂಗಸರನ್ನು ಹೈರಾಣಾಗಿಸಿದ ದುಡಿಮೆ, ಅದಕ್ಕೆ ತಕ್ಕ ಊಟವೂ ಅವರಿಗೆ ಸಿಗುತ್ತಿರಲಿಲ್ಲ. ಮಿಕ್ಸಿ, ನಲ್ಲಿ, ಊಟದ ಮೇಜು ಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ಭಾರ ಇಳಿದ ಜಾಗಕ್ಕೆ ಬೇರೇನೂ ಬರಲಿಲ್ಲ. ದೈಹಿಕ ಚಟುವಟಿಕೆ ಕುರಿತು 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ಚಟುವಟಿಕೆಯಿಲ್ಲ. ಹೆಂಗಸರಲ್ಲಿ ಆ ಪ್ರಮಾಣ ಶೇ 57. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಮನೆಗೆ ಮರಳುವ ನಲವತ್ತರ ಮಹಿಳೆ ದಣಿದಿರುತ್ತಾಳೆ ನಿಜ, ಆದರೆ ಅವಳ ತೊಡೆ ದುಡಿದಿರುವುದಿಲ್ಲ. ಮೂವತ್ತು ವರ್ಷದ ನಂತರ ಬಚ್ಚಲಲ್ಲಿ ಜಾರುವ ತಾಯಿ ಅವಳೇ ಆಗಬಹುದು.

ಯೋಗ ಸಾಲದೇ ಎಂಬ ಪ್ರಶ್ನೆ ಸಹಜ. ಉತ್ಕಟಾಸನ, ವೀರಭದ್ರಾಸನಗಳಲ್ಲಿ ತೊಡೆ ನಡುಗುವಷ್ಟು ಹೊತ್ತು ನಿಂತರೆ ಖಂಡಿತ ಉಪಯೋಗವಿದೆ, ಸಮತೋಲನಕ್ಕೂ ಒಳ್ಳೆಯದು. ಚಾಪೆಯ ಮೇಲೆ ಪ್ರಾಣಾಯಾಮ ಮುಗಿಸಿ ಎದ್ದು ಬಂದರೆ ಕಾಲಿಗೆ ಏನೂ ಸೇರುವುದಿಲ್ಲ. ಬಿ.ಪಿ. ಇದೆ, ಮಂಡಿ ನೋವಿದೆ, ಸ್ಟೆಂಟ್ ಹಾಕಿದ್ದಾರೆ ಎಂಬವರು ವೈದ್ಯರನ್ನು ಕೇಳಿ, ಉಸಿರು ಬಿಗಿಹಿಡಿಯದೆ, ಹಗುರದಿಂದ ಆರಂಭಿಸಬೇಕು. ಈ ಕಾಯಿಲೆಗಳು ವ್ಯಾಯಾಮವನ್ನು ನಿಧಾನವಾಗಿ ಏರಿಸಲು ಕಾರಣವಾಗಬೇಕೇ ಹೊರತು, ಬಿಟ್ಟುಬಿಡಲು ಅಲ್ಲ. ಸಕ್ಕರೆ ಕಾಯಿಲೆ ಇರುವವರಿಗಂತೂ ತೊಡೆಯ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣ. ಅದು ಕುಗ್ಗಿದಷ್ಟೂ ಮಾತ್ರೆಯ ಮೇಲಿನ ಹೊರೆ ಹೆಚ್ಚು. ಊಟದ ಲೆಕ್ಕವೂ ಸರಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣದಂತೆ ಪ್ರತಿ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೊ ತೂಗುವವರಿಗೆ 50 ಗ್ರಾಂ. ರಾತ್ರಿ ಅನ್ನ-ಮಜ್ಜಿಗೆಯಲ್ಲೇ ಊಟ ಮುಗಿಸುವ ಹಿರಿಯರಿಗೆ ಅದು ಸಿಗುವುದು ಕಷ್ಟ. ಹುರುಳಿ ಸಾರು, ಮೊಳಕೆಕಾಳು, ಅವರೆಕಾಳು, ತಿನ್ನುವವರಿಗೆ ಮೊಟ್ಟೆ, ಮೀನು ಇದ್ದರೆ ಡಬ್ಬಿಯ ಪೌಡರಿನ ಹಂಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎಲ್ಲ ವಯಸ್ಕರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ಹೇಳಿದೆ. 65 ದಾಟಿದವರು ಸಮತೋಲನ ಮತ್ತು ಬಲ ಎರಡನ್ನೂ ಸೇರಿಸಿ ವಾರಕ್ಕೆ ಮೂರು ದಿನ ಅಭ್ಯಾಸ ಮಾಡಬೇಕೆಂದಿದೆ. ನಮ್ಮ ಔಷಧ ಚೀಟಿಗಳಲ್ಲಿ ಮಾತ್ರ ಈಗಲೂ ‘ವಾಕಿಂಗ್’ ಎಂಬ ಒಂದೇ ಪದ ಬೀಳುತ್ತದೆ. ಅದರ ಕೆಳಗೆ ‘ವಾರಕ್ಕೆ ಮೂರು ದಿನ, ಕುರ್ಚಿ ಹಿಡಿದು ಬಸ್ಕಿ’ ಎಂದು ಬರೆಯಲು ವೈದ್ಯರಿಗೆ ಐದು ಸೆಕೆಂಡು ಸಾಕು. ಬಸ್ಕಿ ನಮ್ಮವರಿಗೆ ಹೊಸದಲ್ಲ. ಶಾಲೆಯಲ್ಲಿ ಶಿಕ್ಷೆಯಾಗಿ ಹೊಡೆದದ್ದು, ಗರಡಿ ಮನೆಯಲ್ಲಿ ಪೈಲ್ವಾನರು ಸಾಮು ಎಂದು ಮಾಡಿದ್ದು ಅದೇ. ಮೈಸೂರಿನ ಗರಡಿಗಳಲ್ಲಿ ದಸರಾ ಕುಸ್ತಿಗೆ ಹುಡುಗರನ್ನು ತಯಾರು ಮಾಡುವ ಉಸ್ತಾದರು, ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುವ ವಿದ್ಯೆಯನ್ನು ಚೆನ್ನಾಗಿ ಬಲ್ಲವರು. ಆ ತಿಳಿವಳಿಕೆ ಕುಸ್ತಿಗಷ್ಟೇ ಮೀಸಲಾಗಬೇಕಿಲ್ಲ. ಪಾರ್ಕುಗಳಲ್ಲಿ ಹೊರಾಂಗಣ ಜಿಮ್ ಉಪಕರಣಗಳನ್ನು ಹಾಕಿಸಿದ ಪಾಲಿಕೆಗಳು ಬೆಳಗ್ಗೆ ಎರಡು ಗಂಟೆ ಅಲ್ಲಿ ನಿಂತು ಹೇಳಿಕೊಡುವ ಒಬ್ಬ ತರಬೇತುದಾರರನ್ನೂ ನೇಮಿಸಬೇಕು. ಹೇಳಿಕೊಡುವವರಿಲ್ಲದ ಕಡೆ ಆ ಉಪಕರಣಗಳು ಮಕ್ಕಳ ಉಯ್ಯಾಲೆಯಾಗಿವೆ.

ಇಂಥ ಕೆಲಸ ಒಂದು ದಿನದ ಶಿಬಿರದಲ್ಲಿ ಮುಗಿಯುವಂಥದ್ದಲ್ಲ ಎಂಬುದಕ್ಕೂ ಬಾಸ್ಟನ್ನಿನ ಪ್ರಯೋಗವೇ ಸಾಕ್ಷಿ. ಎಂಟು ವಾರದ ನಂತರ ತರಬೇತಿ ನಿಲ್ಲಿಸಿದಾಗ, ನಾಲ್ಕೇ ವಾರದಲ್ಲಿ ಆ ಹಿರಿಯರ ಗರಿಷ್ಠ ಬಲ ಶೇ 32ರಷ್ಟು ಇಳಿದುಹೋಯಿತು. ಆದ್ದರಿಂದ ಬಲದ ವ್ಯಾಯಾಮ ನಿತ್ಯದ ಆರೋಗ್ಯ ವ್ಯವಸ್ಥೆಯೊಳಗೇ ಸೇರಬೇಕು, ಬಿ.ಪಿ. ಮಾತ್ರೆ ತಿಂಗಳು ತಿಂಗಳು ತಪ್ಪದೆ ಸಿಗುವಂತೆ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಅವರ ಸಂಖ್ಯೆ ಏರುತ್ತಲೇ ಇದೆ. ಮುರಿದ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಮಾಡಿಸುವ ಖರ್ಚು ಕುಟುಂಬಗಳನ್ನು ಸಾಲಕ್ಕೆ ನೂಕುತ್ತದೆ, ಬಿದ್ದವರ ಸೇವೆಗೆ ಮನೆಯ ಒಬ್ಬ ಹೆಂಗಸು ಕೆಲಸ ಬಿಟ್ಟು ಕೂರಬೇಕಾಗುತ್ತದೆ.

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ದುಬಾರಿ ಯಂತ್ರವೇನೂ ಬೇಡ. ಕೈಯಿಲ್ಲದ ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆ ಎಂದು ಎಣಿಸುವುದು. ಪಕ್ಕದಲ್ಲಿ ಹಿಡಿಯಲು ಒಬ್ಬರು ನಿಂತಿರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಂತೆ 70ರಿಂದ 74ರ ವಯಸ್ಸಿನ ಹೆಂಗಸರಿಗೆ ಆ ಎಣಿಕೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಬಂದು ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಅವರು ಭರ್ತಿ ಮಾಡುವ ನಮೂನೆಯಲ್ಲಿ ಇನ್ನೊಂದು ಕಾಲಂ ಸೇರಿಸಬೇಕು: 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದದ್ದು ಎಷ್ಟು ಸಲ. ಮುಂದಿನ ಭೇಟಿಯಲ್ಲಿ ಅದೇ ಅಜ್ಜಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಮತ್ತೆ ಎಣಿಸಬೇಕು.